ಅವನೂ ನಕ್ಕ, ಮರುದಿನ ಬುತ್ತಿ ಹಿಡ್ಕೊಂಡು ಮೆಟ್ಟಿಲಿಗೆ ಹೋದ

ಪ್ರಶ್ನೆ: ಅಕ್ಕಾ ನಮಸ್ಕಾರ. ನಂಗೆ 25 ವರ್ಷ, ಪಡುಬಿದ್ರಿಯಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತೇನೆ. ನಮ್ಮ ಟೀಮಲ್ಲಿ ಒಂಬತ್ತು ಜನ, ಎಂಟು ಜನ ಊರಿನವರೇ, ಮಾತೆಲ್ಲ ತುಳುವಲ್ಲೇ. ನಾಲ್ಕು ತಿಂಗಳ ಹಿಂದೆ ಬಾಗಲಕೋಟೆ ಕಡೆಯ ಹುಡುಗ ಒಬ್ಬ ಸೇರಿದ. ಅವನ "ಮಾಡಾಕತ್ತೀನ್ರಿ", "ಹೌದಲ್ರೀ ಮತ್ತ" ಎಲ್ಲ ನಮ್ಗೆ ಕುಶಾಲು. ನಂಗೆ ಸಣ್ಣದಿಂದಲೇ ಮಿಮಿಕ್ರಿ ಬರ್ತದೆ, ಅವನ ಹಾಗೆ ಮಾತಾಡಿ ತೋರಿಸಿದ್ರೆ ಎಲ್ರೂ ಬಿದ್ದು ಬಿದ್ದು ನಗ್ತಾರೆ, ಟೀಮ್ ಲೀಡರೇ "ಒಮ್ಮೆ ಮಾಡು ಮಾರಾಯ್ತಿ" ಅಂತಾರೆ. ಕಳೆದ ತಿಂಗಳು ಅವನಿಲ್ಲದ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಹಾಕಿದ್ದೆ, ಚಾ ಟೈಮಲ್ಲಿ ಒಬ್ಬ ಅದನ್ನು ಅವನೆದುರೇ ಜೋರಾಗಿ ಪ್ಲೇ ಮಾಡಿದ. ಅವನೂ ನಕ್ಕ. ಮರುದಿನದಿಂದ ಮಧ್ಯಾಹ್ನ ಬುತ್ತಿ ಹಿಡ್ಕೊಂಡು ಹೋಗಿ ಮೆಟ್ಟಿಲಲ್ಲಿ ಒಬ್ಬನೇ ತಿಂತಾನೆ. ಮನೆಯಲ್ಲಿ ನಾನು ಇರುವೆಗೂ ನೋವು ಮಾಡದವಳು ಅಂತ ಹೆಸರು. ನಾನು ನಿಜವಾಗಿ ಯಾರು? ಆಫೀಸಿನವರ ಗುಣವೇ ಹಾಗೆ, ಅವರ ಜತೆ ಸೇರಿ ನಾನು ಹಾಳಾದೆನಾ? ಕೆಲಸ ಬಿಟ್ಟುಬಿಡುವ ಅಂತ ಕಾಣ್ತದೆ. (ಹೆಸರು ಬೇಡ)

ಉತ್ತರ: ತಂಗೀ, ನಿನ್ನ ಕಾಗದ ಓದಿ ನಂಗೆ ನೆನಪಾದದ್ದು ನನ್ನದೇ ಕತೆ, ಆದ್ರೆ ಅದರಲ್ಲಿ ನಾನಿದ್ದದ್ದು ನಿನ್ನ ಜಾಗದಲ್ಲಿ ಅಲ್ಲ, ಆ ಹುಡುಗನ ಜಾಗದಲ್ಲಿ. ಮದುವೆಗೆ ಮೊದಲು ಎರಡು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿದ್ದೆ. ನನ್ನ "ಹೋಗುದು ಬರುದು", "ಎಂತ ಸಾವು ಮಾರಾಯ್ರೆ" ಅಲ್ಲಿಯವರಿಗೆ ದಿನಾ ಸಿಗುವ ಫ್ರೀ ಕಾಮಿಡಿ, ಹೊಸಬರು ಯಾರಾದ್ರೂ ಸೇರಿದ್ರೆ ನನ್ನನ್ನು ಕರೆದು ಒಮ್ಮೆ ಮಾತಾಡಿಸಿ ತೋರ್ಸುದು. ನಾನೂ ನಗ್ತಿದ್ದೆ. ನಗುದು ಮಾತ್ರ ಅಲ್ಲ, ಆಮೇಲಾಮೇಲೆ ಅವರು ಕೇಳುವ ಮೊದಲೇ ನಾನೇ ಮಾಡಿ ತೋರಿಸಲಿಕ್ಕೆ ಶುರು ಮಾಡಿದೆ, ಯಾಕಂದ್ರೆ ನಾನೇ ಮಾಡಿದ್ರೆ ಕಮ್ಮಿ ನೋವಾಗ್ತದೆ. ಒಂದು ದಿನ ಫೋನಲ್ಲಿ ಅಮ್ಮನ ಹತ್ರ "ಊಟ ಮಾಡೋಕೆ ಹೋಗ್ಬೇಕು" ಅಂದೆ, ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ನಿನ್ನ ಭಾಷೆಗೆ ಎಂತಾಯ್ತು?" ಅಂತ ಕೇಳಿದ್ರು. ಫೋನ್ ಇಟ್ಟು ಹಾಸ್ಟೆಲಿನ ಬಾತ್ರೂಮಿಗೆ ಹೋಗಿ ಅತ್ತಿದ್ದೇನೆ. ಹಾಗಾಗಿ "ಅವನೂ ನಕ್ಕ" ಅನ್ನುವ ಮಾತನ್ನು ನೀನು ಲೆಕ್ಕದಿಂದ ತೆಗೆದುಬಿಡು. ಎಂಟು ಜನ ನಗುವ ಟೇಬಲಲ್ಲಿ ಒಂಬತ್ತನೆಯವ ಮತ್ತೆಂತ ಮಾಡ್ತಾನೆ ಹೇಳು?

ಇನ್ನು ನಿನ್ನ "ನಾನು ನಿಜವಾಗಿ ಯಾರು" ಅನ್ನುವ ಪ್ರಶ್ನೆ. ಅಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಉಡುಪಿ ರಥಬೀದಿಯಲ್ಲಿ ಪಿಲಿವೇಷದ ಹುಲಿಕುಣಿತ ನೋಡಿರ್ತಿಯಲ್ಲ, ತಾಸೆ ವಾದ್ಯದ ಪೆಟ್ಟು ಬಿದ್ರೆ ವರ್ಷಪೂರ್ತಿ ಕೌಂಟರಲ್ಲಿ ಮುಖ ಗಂಟು ಹಾಕಿ ಕೂತ ಮನುಷ್ಯನ ಕಾಲೂ ತನ್ನಿಂತಾನೇ ಹೆಜ್ಜೆ ಹಾಕ್ತದೆ. ಅದೇ ಮನುಷ್ಯ ಭೂತಕೋಲದ ರಾತ್ರಿ ಕೈಮುಗಿದು ಉಸಿರು ಬಿಡದೆ ನಿಲ್ತಾನೆ, ಮರುದಿನ ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಬಿಸಾಡಿ ನಾಲ್ಕು ಜನರನ್ನು ನೂಕಿ ಹತ್ತುದೂ ಅವನೇ. ಇವರಲ್ಲಿ ಅಸಲಿ ಯಾರು, ಡೂಪ್ಲಿಕೇಟ್ ಯಾರು? ಮೂರೂ ಅವನೇ. ಕರ್ಟ್ ಲೆವಿನ್ ಅಂತ ಒಬ್ರು ಮನಶ್ಶಾಸ್ತ್ರಜ್ಞರು 1936ರಲ್ಲೇ ಇದನ್ನು ಒಂದು ಸಣ್ಣ ಸೂತ್ರದ ಹಾಗೆ ಬರೆದಿಟ್ಟಿದ್ದಾರೆ, ಮನುಷ್ಯನ ನಡವಳಿಕೆ ಹುಟ್ಟುದು ಅವನು ಮತ್ತೆ ಅವನಿರುವ ಪರಿಸರ ಎರಡೂ ಸೇರಿದಾಗ ಅಂತ. ಮನೆಯಲ್ಲಿ ಇರುವೆಗೆ ನೋವು ಮಾಡದವಳೂ ನೀನೇ, ಆ ವಾಯ್ಸ್ ಕಳಿಸಿದವಳೂ ನೀನೇ.

ಆದ್ರೆ ಒಂದು ವಿಷಯ, ಬೇಜಾರು ಮಾಡ್ಬೇಡ. "ಅವರ ಗುಣವೇ ಹಾಗೆ, ನಾನು ಅವರ ಜತೆ ಸೇರಿ ಹಾಳಾದೆ" ಅಂತ ಬರೆದಿದ್ದೀ. ಬೇರೆಯವರ ತಪ್ಪಿಗೆ ಅವರ ಗುಣ ಕಾರಣ, ನಮ್ಮ ತಪ್ಪಿಗೆ ವಾತಾವರಣ ಕಾರಣ! ಇದು ನಿನ್ನೊಬ್ಬಳ ರೋಗ ಅಲ್ಲ ಮಾರಾಯ್ತಿ, ಬೇರೆಯವರನ್ನು ನೋಡುವಾಗ ಸನ್ನಿವೇಶವನ್ನು ಬಿಟ್ಟು ಬರೇ ಗುಣವನ್ನೇ ಹಿಡಿಯುವ ಈ ಅಭ್ಯಾಸಕ್ಕೆ ಲೀ ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು 1977ರಲ್ಲಿ ಒಂದು ದೊಡ್ಡ ಹೆಸರೇ ಇಟ್ಟಿದ್ದಾರೆ. ನಿಮ್ಮ ಆಫೀಸಿನ ಆ ಏಳು ಜನರ ಮನೆಯಲ್ಲೂ ಅವರವರ ಅಮ್ಮಂದಿರು "ನನ್ನ ಮಗ ಭಾರೀ ಪಾಪ" ಅಂತಲೇ ಹೇಳ್ತಿರಬಹುದು.

ಈಗ ಗುಂಪಿನ ವಿಷಯಕ್ಕೆ ಬರುವ. 1951ರ ಹೊತ್ತಿಗೆ ಅಮೆರಿಕದಲ್ಲಿ ಸಾಲಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು. ಒಂದು ಕಾರ್ಡಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ, ಯಾವುದು ಇದರಷ್ಟೇ ಉದ್ದ ಉಂಟು ಹೇಳಿ, ಅಷ್ಟೇ. ಒಂದನೇ ಕ್ಲಾಸಿನ ಮಗುವೂ ಹೇಳ್ತದೆ. ಆದ್ರೆ ಕೋಣೆಯಲ್ಲಿ ಕೂತವರಲ್ಲಿ ಒಬ್ಬನನ್ನು ಬಿಟ್ರೆ ಉಳಿದವರೆಲ್ಲ ಆಶ್ ಅವರೇ ಮೊದಲು ಹೇಳಿಕೊಟ್ಟು ಕೂರಿಸಿದವರು, ಅವರೆಲ್ಲ ಒಬ್ಬರಾದ ಮೇಲೆ ಒಬ್ಬರು ಒಂದೇ ತಪ್ಪು ಉತ್ತರ ಹೇಳ್ತಾರೆ, ಪಾಪ ಆ ಒಬ್ಬನ ಸರದಿ ಬರುವಾಗ ಅವನೆಂತ ಹೇಳ್ತಾನೆ ಅಂತ ನೋಡುದು. ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ ಅವನೂ ಅದೇ ತಪ್ಪು ಉತ್ತರ ಹೇಳಿದ, ನಾಲ್ಕರಲ್ಲಿ ಮೂರು ಜನ ಒಂದು ಸಲವಾದ್ರೂ ಗುಂಪಿನ ಜತೆ ಹೋದ್ರು. ಬರೇ ಗೆರೆಗೆ ಹೀಗೆ! ಅಲ್ಲಿ ಅವರಿಗೆ ಗುಂಪಿಂದ ಎಂತ ಆಗ್ಲಿಕ್ಕುಂಟು, ಚಾ ಇಲ್ಲ, ಅಪ್ರೈಸಲ್ ಇಲ್ಲ, ಸಂಜೆ ಬಸ್‌ಸ್ಟ್ಯಾಂಡ್‌ವರೆಗೆ ಡ್ರಾಪ್ ಇಲ್ಲ.

ಇದನ್ನು ಕೇಳಿ ನಿಂಗೆ ಸಮಾಧಾನ ಆಗಬಹುದು, ಅಬ್ಬ ಎಲ್ರೂ ಹಾಗೆಯೇ ಅಂತ. ಅಷ್ಟು ಬೇಗ ಬೇಡ. ಅವರೆಲ್ಲ ಬರೇ ಹೂಂ ಅಂದವರು, ನೀನು ಸ್ಟೇಜಲ್ಲಿದ್ದವಳು. ಏಳು ಜನ ನಿನ್ನ ಬಾಯಿಯನ್ನೇ ನೋಡ್ತಾ ಕೂತು ನಗುವಾಗ ನಿಂಗೆ ಖುಷಿಯೂ ಆಗಿರ್ತದೆ, ಅದನ್ನು ನೀನು ಕಾಗದದಲ್ಲಿ ಬರೀಲಿಲ್ಲ, ಆದ್ರೆ ಓದುವವರಿಗೆ ಗೊತ್ತಾಗ್ತದೆ. ಆ ಟೇಬಲಲ್ಲಿ ನಿನ್ನ ಜಾಗ ಉಳಿದದ್ದೇ ಅವನ ಭಾಷೆಯಿಂದ.

ಮತ್ತೆ ನಿಮ್ಮ ಲೀಡರ್. ಇಂಥ ವಿಷಯ ಬಂದ್ರೆ ಎಲ್ರೂ ಆ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಜೈಲಿನ ಕತೆ ಹೇಳ್ತಾರೆ, 1971ರಲ್ಲಿ ಕಾಲೇಜು ಹುಡುಗರನ್ನು ಸುಳ್ಳು ಜೈಲಲ್ಲಿ ಕಾವಲುಗಾರ, ಕೈದಿ ಅಂತ ಮಾಡಿ ಹಾಕಿದ್ದು, ಎರಡು ವಾರದ ಪ್ರಯೋಗ ಆರೇ ದಿನದಲ್ಲಿ ನಿಲ್ಲಿಸಬೇಕಾಗಿ ಬಂದದ್ದು, ಯೂನಿಫಾರ್ಮ್ ಹಾಕಿದ ಕೂಡ್ಲೇ ಒಳ್ಳೆ ಹುಡುಗರೂ ತನ್ನಿಂತಾನೇ ಕ್ರೂರಿಗಳಾದ್ರು ಅನ್ನುದು. ನಂಗೆ ಆ "ತನ್ನಿಂತಾನೇ" ಮೇಲೆ ನಂಬಿಕೆ ಇಲ್ಲ. ಹಳೆ ರೆಕಾರ್ಡಿಂಗ್ ಎಲ್ಲ ತೆಗೆದು ನೋಡುವಾಗ ಕಾವಲಿನ ಹುಡುಗನಿಗೆ ಸ್ವಲ್ಪ ಟಫ್ ಆಗಿರು ಅಂತ ಮೇಲಿನವರೇ ಹೇಳಿಕೊಟ್ಟದ್ದು ಸಿಕ್ಕಿದೆ. ಸುಮ್ಮನೆ ವಾತಾವರಣ ಅಂತ ಗಾಳಿಯ ಮೇಲೆ ಹಾಕುದು ಸುಲಭ, ಹೆಚ್ಚಿನ ಕಡೆ ಮೇಲೆ ಕೂತ ಒಬ್ರು "ಒಮ್ಮೆ ಮಾಡು ಮಾರಾಯ್ತಿ" ಅಂದಿರ್ತಾರೆ.

ಹಾಗಾದ್ರೆ ಎಂತ ಮಾಡುದು? ಆಶ್ ಪ್ರಯೋಗದ ಇನ್ನೊಂದು ಭಾಗ ಕೇಳು, ನಂಗೆ ಅದೇ ಹೆಚ್ಚು ಇಷ್ಟ. ಗುಂಪಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವ ಇದ್ರೆ ಸಾಕು, ಜನ ಗುಂಪಿನ ಹಿಂದೆ ಹೋಗುದು ಸುಮಾರು ಕಾಲು ಭಾಗಕ್ಕೆ ಇಳೀತು. ಆ ಒಬ್ಬ ಸರಿಯೇ ಹೇಳಬೇಕಂತಲೂ ಇಲ್ಲ, ಅವನು ಬೇರೆಯೇ ಒಂದು ತಪ್ಪು ಹೇಳಿದ್ರೂ ಗುಂಪಿನ ಬಿಗಿ ಸಡಿಲ ಆಯ್ತು. ಅಂದ್ರೆ ನೀನು ಎದ್ದು ನಿಂತು "ಇದು ತಪ್ಪು" ಅಂತ ಭಾಷಣ ಮಾಡುದು ಬೇಡ. ಮುಂದಿನ ಸಲ ಲೀಡರ್ ಮಾಡು ಅಂದಾಗ "ಬೇಡ ಸರ್, ಗೋಳಿಬಜೆ ತಣ್ಣಗಾಗ್ತದೆ" ಅಂತ ಹೇಳಿ ತಟ್ಟೆ ಮುಂದೆ ನೂಕು. ಐದು ಸೆಕೆಂಡು ಯಾರೂ ಮಾತಾಡುದಿಲ್ಲ, ನಿನ್ನ ಕಿವಿ ಬಿಸಿ ಆಗ್ತದೆ, ಯಾರಾದ್ರೂ "ಓ ಈಗ ದೊಡ್ಡ ಜನ ಆದಳು" ಅನ್ನಬಹುದು, ಎರಡು ಮೂರು ದಿನ ಡ್ರಾಪ್ ಸಿಗದೆಯೂ ಇರಬಹುದು. ಸುಳ್ಳು ಯಾಕೆ ಹೇಳುದು, ಅದಿಷ್ಟು ಖರ್ಚು ಉಂಟು.

ಅದಕ್ಕೆ ಮೊದಲು ಇನ್ನೊಂದು ಕೆಲಸ. ನಗುವಾಗ ಫೋನ್ ನೋಡುವವರು, ಚಾ ಲೋಟ ತೊಳೀಲಿಕ್ಕೆ ಅಂತ ಏಳುವವರು ಯಾರು ಅಂತ ಸರಿಯಾಗಿ ಗಮನಿಸು. ಅಂಥವರು ಒಬ್ರಾದ್ರೂ ಇರ್ತಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್ಸಿನ ಕುಡಿತದ ಬಗ್ಗೆ ಒಂದು ಅಧ್ಯಯನ ಆಗಿತ್ತು, ಪ್ರೆಂಟಿಸ್ ಮತ್ತು ಮಿಲ್ಲರ್ ಅನ್ನುವವರು ಮಾಡಿದ್ದು, 1993ರಲ್ಲಿ ಬಂತು. ಹುಡುಗ ಹುಡುಗಿಯರನ್ನು ಬೇರೆ ಬೇರೆ ಕೇಳಿದ್ರೆ ನಮಗೆ ಇದು ಅಷ್ಟು ಸರಿ ಕಾಣುದಿಲ್ಲ, ಆದ್ರೆ ಉಳಿದವರಿಗೆಲ್ಲ ಓಕೆ ಉಂಟಲ್ಲ ಅಂತ. ಒಬ್ಬರ ಮುಖ ನೋಡಿ ಇನ್ನೊಬ್ರು, ಹಾಗೆ. ನೀನು ಅವರು ನಗ್ತಾರೆ ಅಂತ ಮಾಡುದು, ಅವರು ನೀನು ಖುಷಿಯಲ್ಲಿ ಮಾಡ್ತಿ ಅಂತ ನಗುದು. ಹಾಗಾಗಿ ಗ್ರೂಪಲ್ಲಿ ಬರೀಬೇಡ, ಆ ಒಬ್ಬರಿಗೆ ಮಾತ್ರ ಮೆಸೇಜ್ ಹಾಕು, "ಅವನ ವಿಷಯದಲ್ಲಿ ನಾವು ಮಾಡಿದ್ದು ಜಾಸ್ತಿ ಆಯ್ತು ಅಂತ ನಂಗೆ ಕಾಣ್ತದೆ, ನಿಂಗೆ?" ಅಂತ. ಒಬ್ಬೊಬ್ಬರೇ ಇರುವಾಗ ಜನ ಬೇರೆ ಮಾತಾಡ್ತಾರೆ. ಆಶ್ ಕೂಡ ಉತ್ತರ ಬಾಯಲ್ಲಿ ಹೇಳ್ಬೇಡ, ಚೀಟಿಯಲ್ಲಿ ಬರಿ ಅಂದಾಗ ಗುಂಪಿನ ಹಿಂದೆ ಹೋದವರು ತುಂಬ ಕಮ್ಮಿ.

ಇನ್ನು ಆ ಹುಡುಗ. ಅವನ ಹತ್ರ ಒಬ್ಬಳೇ ಮಾತಾಡು, ಎರಡೇ ಮಾತು. "ಆ ವಾಯ್ಸ್ ಮಾಡಿದ್ದು ನಾನು. ತಪ್ಪು ಮಾಡಿದೆ, ಇನ್ನು ಮಾಡುದಿಲ್ಲ." ನಂಗೆ ನಿದ್ದೆ ಬರ್ತಾ ಇಲ್ಲ, ಬಸ್ಸಲ್ಲಿ ಅಳ್ತೇನೆ ಅಂತೆಲ್ಲ ಹೇಳಿದ್ರೆ ಕೊನೆಗೆ ಅವನೇ ನಿನ್ನನ್ನು ಸಮಾಧಾನ ಮಾಡಬೇಕಾಗ್ತದೆ, ಅದು ಬೇಡ. ಅವನು "ಇರ್ಲಿ ಬಿಡ್ರಿ" ಅಂದ್ರೆ ಅಲ್ಲಿಗೇ ಬಿಡು, ಕ್ಷಮಿಸಿದ್ದಾ ಇಲ್ವಾ ಅಂತ ಬಾಯಿ ಬಿಡಿಸ್ಲಿಕ್ಕೆ ಹೋಗ್ಬೇಡ. ಮರುದಿನವೇ ಮೆಟ್ಟಿಲಿಗೆ ಹೋಗಿ ಪಕ್ಕ ಕೂರುದೂ ಬೇಡ, ಅದು ಅವನಿಗೆ ಕರುಣೆಯ ಹಾಗೆ ಕಾಣ್ತದೆ. ಟೇಬಲಿನ ಕೆಲಸ ಟೇಬಲಲ್ಲೇ ಮಾಡು. ಅವನು ಕೂತಾಗ ಮಾತು ತುಳುವಿಗೆ ಜಾರಿದ್ರೆ ನೀನು ಕನ್ನಡದಲ್ಲಿ ಉತ್ತರ ಕೊಡು, ಆಗ ಉಳಿದವರದ್ದೂ ತನ್ನಿಂದ ತಾನೇ ತಿರುಗ್ತದೆ. ತುಳುವಿನ ಮೇಲೆ ಪ್ರೀತಿ ನಂಗೂ ಉಂಟು, ಆದ್ರೆ ಒಬ್ಬನಿಗೆ ಅರ್ಥ ಆಗದ ಭಾಷೆಯಲ್ಲಿ ಎಂಟು ಜನ ನಕ್ಕರೆ ಯಾಕೆ ನಕ್ಕದ್ದು ಅಂತ ಅವನು ಮನೆಗೆ ಹೋಗಿ ಯೋಚನೆ ಮಾಡ್ತಾ ಮಲಗ್ತಾನೆ.

ವಾಯ್ಸ್ ತಿಂಗಳು ಹಳೆಯದಾಯ್ತು, ಈಗ ಎಲ್ಲರ ಫೋನಿಂದ ನಿಂಗೆ ಅಳಿಸ್ಲಿಕ್ಕೆ ಆಗುದಿಲ್ಲ. ಚಾ ಟೇಬಲಲ್ಲಿ ಒಮ್ಮೆ ಬೇಡ ಅಂದು ಆದ ಮೇಲೆ ಗ್ರೂಪಲ್ಲಿ "ಅದನ್ನು ತೆಗೀರಿ ಮಾರಾಯ್ರೆ" ಅಂತ ಹಾಕು, ನೀನು ಮೆಸೇಜ್ ಮಾಡಿದ ಆ ಒಬ್ರು ಥಂಬ್ಸಪ್ ಒತ್ತಿದ್ರೂ ಸಾಕು.

ಕೆಲಸ ಬಿಡುದು ಈಗ ಬೇಡ. ನೀನು ಹೋದ್ರೆ ಆ ಟೇಬಲಲ್ಲಿ ಏಳು ಜನ ಉಳೀತಾರೆ, ಮೆಟ್ಟಿಲಲ್ಲಿ ಅವನೂ ಉಳೀತಾನೆ, ಮಿಮಿಕ್ರಿಗೆ ಇನ್ನೊಬ್ರು ಸಿಗ್ತಾರೆ. ಮಿಮಿಕ್ರಿಯನ್ನೂ ಬಿಡ್ಬೇಡ ಮಾರಾಯ್ತಿ, ಬಂದ ವಿದ್ಯೆ. ಒಂದು ದಿನ ಲೀಡರನ್ನೇ ಮಾಡಿ ತೋರ್ಸು, ಅವರು ಎಷ್ಟು ನಗ್ತಾರೆ ನೋಡುವ.