ಬೆಂಕಿ ಆರಿಸೋದಕ್ಕೂ ಓದಬೇಕಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: "ಹಾಸನದಿಂದ ಇಲ್ಲಿಗೆ ಬಂದು 22 ವರ್ಷ ಆಯ್ತು. ನಾವಿಬ್ಬರೂ ಸಾಫ್ಟ್‌ವೇರ್. ಮಗನಿಗೆ ಒಳ್ಳೆ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ. ಅವನು ಅದನ್ನು ಬಿಟ್ಟು ಕಮ್ಯುನಿಟಿ ಕಾಲೇಜಿನಲ್ಲಿ ಫೈರ್ ಪ್ರೊಟೆಕ್ಷನ್ ಓದುತ್ತಾನಂತೆ. ಸೀಟು ಸಿಗದವರು ಹೋಗೋ ಕಾಲೇಜು ಅದು. ಬೆಂಕಿ ಆರಿಸೋದಕ್ಕೂ ಓದಬೇಕಾ? ಊರಿನ ನೆಂಟರಿಗೆ ಏನು ಹೇಳಲಿ? ನೀವಾದರೂ ಬುದ್ಧಿ ಹೇಳಿ."

ಹೇಳುತ್ತೇನೆ ತಾಯಿ. ಆದರೆ ಮಗನಿಗಲ್ಲ.

ಮೊದಲು ನಿಮ್ಮ ಕಡೆಯ ಮಾತು. ಹೆತ್ತವರ ಭಯ ಸುಳ್ಳಲ್ಲ. ಬೆಂಕಿ ಆರಿಸುವ ಕೆಲಸ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 2022ರಲ್ಲಿ ಹೇಳಿದೆ. ರಾತ್ರಿ ಪಾಳಿ ಬೇರೆ. ಒಪ್ಪಿದೆ. ಆದರೆ ನಿಮ್ಮ ಎರಡು ಪುಟದ ಪತ್ರದಲ್ಲಿ ಹೊಗೆಯ ವಿಷಯ ಒಂದೇ ಸಾಲು, ನೆಂಟರ ವಿಷಯ ಒಂದು ಪುಟ. ಅಲ್ವಾ?

ಇನ್ನು ಓದಬೇಕಾ ಅನ್ನೋ ಪ್ರಶ್ನೆ. ನಾನು ಹಿಂದೆ ಕೆಲಸಕ್ಕಿದ್ದ ಪ್ರೆಸ್ಸಿನಲ್ಲಿ ಬಾಗಿಲ ಪಕ್ಕ ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರ್ ಇತ್ತು. ಪ್ರತಿ ಆಯುಧಪೂಜೆಗೂ ಅದಕ್ಕೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಒಂದು ಮಧ್ಯಾಹ್ನ ರೋಲರ್ ಒರೆಸಿದ ಸೀಮೆಎಣ್ಣೆ ಬಟ್ಟೆಯ ರಾಶಿಗೆ ಕಿಡಿ ತಾಗಿತು. ಓಡಿ ಹೋಗಿ ಸಿಲಿಂಡರ್ ಎತ್ತಿಕೊಂಡೆ. ಹಿಡಿಕೆ ಎಷ್ಟು ಒತ್ತಿದರೂ ಅಲ್ಲಾಡಲಿಲ್ಲ. ಮೊದಲು ಪಿನ್ ಎಳೆಯಬೇಕು ಅಂತ ಎಂ.ಎ. ಮಾಡಿದ ನನಗೆ ಗೊತ್ತಿರಲಿಲ್ಲ. ಬೈಂಡಿಂಗ್ ಹುಡುಗ ಬಂದು ಪಿನ್ ಕಿತ್ತ. ಪುಸ್ ಅಂತ ಒಂದು ಹಿಡಿ ಪುಡಿ ಉದುರಿತು, ಅಷ್ಟೇ. ಒಳಗಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಯಾವ ಕಾಲದಿಂದಲೋ ಕೆಂಪಿನಲ್ಲಿ ಕೂತಿತ್ತು. ಗಾಜಿನ ಮೇಲೆ ಕುಂಕುಮ ಮೆತ್ತಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಕೊನೆಗೆ ಆ ಹುಡುಗನೇ ಒದ್ದೆ ಗೋಣಿಚೀಲ ಹೊದಿಸಿ ಆರಿಸಿದ. ಗಾಳಿ ತಪ್ಪಿಸಿದರೆ ಬೆಂಕಿ ಸಾಯುತ್ತೆ ಅಂತ ಅವನಿಗೆ ಅವರಮ್ಮ ಹೇಳಿಕೊಟ್ಟಿದ್ದರಂತೆ.

ನಿಮ್ಮ ಮಗನಿಗೂ ಮೊದಲ ಪಾಠ ಅದೇ. ಉರಿಯುವ ವಸ್ತು, ಕಾವು, ಆಮ್ಲಜನಕ. ಒಂದನ್ನು ತಪ್ಪಿಸಿದರೂ ಬೆಂಕಿ ಇಲ್ಲ. ಅಲ್ಲಿಂದ ಮುಂದಿನದನ್ನು ಅಮ್ಮಂದಿರು ಹೇಳಿಕೊಡೋಕಾಗಲ್ಲ. ಉಕ್ಕಿನ ತೊಲೆ ಕರಗುವ ಎಷ್ಟೋ ಮೊದಲೇ ಬಗ್ಗುತ್ತದೆ. 600 ಡಿಗ್ರಿ ಹತ್ತಿರ ಬರುವಷ್ಟರಲ್ಲಿ ಅದರ ಬಲ ಅರ್ಧಕ್ಕಿಳಿದಿರುತ್ತದೆ. ಹಾಗಾದರೆ ಒಳಗೆ ಹೋದವರು ಯಾವಾಗ ಹೊರಗೆ ಬರಬೇಕು? ಹೊಗೆ ಯಾವ ಮೆಟ್ಟಿಲಿಂದ ಏರುತ್ತದೆ? ಹತ್ತನೇ ಮಹಡಿಗೆ ನೀರು ತಳ್ಳಲು ಎಷ್ಟು ಒತ್ತಡ ಬೇಕು? ಇದು ಶುದ್ಧ ಫಿಸಿಕ್ಸು. ನೆಂಟರಿಗೆ ಹಾಗೇ ಹೇಳಿ, ಸುಮ್ಮನಾಗುತ್ತಾರೆ.

ಹೋಟೆಲ್ ರೂಮಿನಲ್ಲಿ ಮಲಗಿದಾಗ ತಲೆಯ ಮೇಲಿನ ಸ್ಪ್ರಿಂಕ್ಲರ್ ನೋಡಿ. ಪೆನ್ ರೀಫಿಲ್ಲಿನ ತುಂಡಿನಂಥ ಗಾಜಿನ ಕೊಳವೆ, ಒಳಗೆ ಕೆಂಪು ದ್ರವ. ಸುತ್ತಲಿನ ಕಾವು ಏರಿ ಅದು 68 ಡಿಗ್ರಿ ಮುಟ್ಟಿದರೆ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ನೀರು ಸುರಿಯುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಇಡೀ ಮಹಡಿಯಲ್ಲಿ ಮಳೆ ಬರಲ್ಲ. ಬೆಂಕಿಯ ಕಾವು ತಾಗಿದ್ದು ಮಾತ್ರ ಒಡೆಯುತ್ತದೆ. ಇದರ ಹಿಂದಿನ ತಲೆಮಾರನ್ನು 1874ರಲ್ಲಿ ತನ್ನ ಪಿಯಾನೋ ಕಾರ್ಖಾನೆ ಉಳಿಸಿಕೊಳ್ಳಲು ಕೂರಿಸಿದವನು ಕನೆಕ್ಟಿಕಟ್ ರಾಜ್ಯದ ಹೆನ್ರಿ ಪಾರ್ಮಲಿ. ಪಿಯಾನೋ ಮಾಡುವವನು ನೋಡಿ!

ಸೀಟು ಸಿಗದವರ ಕಾಲೇಜು ಅಂದಿರಲ್ಲ, ಆ ಮಾತಿಗೆ ಮಾತ್ರ ನನಗೆ ಬೇಜಾರಾಯ್ತು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಶುರುವಾದ ವ್ಯವಸ್ಥೆ ಅದು. ಅಲ್ಲಿ ಓದನ್ನು ಅಳೆಯೋದು ಯೂನಿಟ್ ಲೆಕ್ಕದಲ್ಲಿ. ಕ್ಯಾಲಿಫೋರ್ನಿಯಾದವರಿಗೆ ಒಂದು ಯೂನಿಟ್‌ಗೆ ಫೀಸು 46 ಡಾಲರ್. ಎರಡು ವರ್ಷದ ಪದವಿಗೆ 60 ಯೂನಿಟ್. 2,760 ಡಾಲರ್ ಆಯ್ತು, ಪುಸ್ತಕದ ಖರ್ಚು ಬೇರೆ. ಆಮೇಲೆ ಮುಂದೆ ಓದಬೇಕು ಅನ್ನಿಸಿದರೆ ದಾರಿ ಮುಚ್ಚಿಲ್ಲ. ಮೇರಿಲ್ಯಾಂಡ್ ಯೂನಿವರ್ಸಿಟಿಯಲ್ಲಿ 1956ರಿಂದಲೂ ಫೈರ್ ಪ್ರೊಟೆಕ್ಷನ್ ಎಂಜಿನಿಯರಿಂಗ್ ಇದೆ. ಪೈಪು ಹಿಡಿಯುವ ಕೆಲಸವೇ ಆಗಬೇಕೆಂದೂ ಇಲ್ಲ. ಕಟ್ಟಡದ ನಕ್ಷೆ ನೋಡಿ "ಇಲ್ಲೊಂದು ಬಾಗಿಲು ಬೇಕು" ಅನ್ನುವವರೂ ಇದೇ ಓದಿದವರು.

ಆ ಬಾಗಿಲಿನ ಮಾತು ಬಂದರೆ ನನಗೆ ಸಿಟ್ಟು ಜಾಸ್ತಿ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯಲ್ಲಿ 146 ಜನ ಸತ್ತರು. ಹೆಚ್ಚಿನವರು ಹೊಲಿಗೆ ಮಾಡುವ ಹೆಣ್ಣುಮಕ್ಕಳು. ಬಟ್ಟೆ ಕದಿಯುತ್ತಾರೆ ಅಂತ ಒಂದು ಬಾಗಿಲಿಗೆ ಬೀಗ ಹಾಕಿದ್ದರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್. 9 ಜನ ಹೋದರು. ಕೆಲವರು ಹೊಗೆ ತಾಳಲಾರದೆ ಕಿಟಕಿ ಒಡೆದು ಹಾರಿದರು. ಅಲ್ಲೂ ತುರ್ತು ಬಾಗಿಲುಗಳಿಗೆ ಬೀಗ.

ನಮ್ಮಲ್ಲಿ ಮಕ್ಕಳನ್ನು ಹೆದರಿಸೋದೇ ಹೀಗೆ: "ಓದದಿದ್ರೆ ಐಟಿಐಗೆ ಹಾಕ್ತೀನಿ." ಕೈ ಬಳಸುವ ವಿದ್ಯೆ ನಮಗೆ ಶಿಕ್ಷೆ. ಆಮೇಲೆ ಅಪಾರ್ಟ್‌ಮೆಂಟಿನ ಪಂಪ್ ಓಡಿಸಲು ಬರುವವರೇ ಇಲ್ಲ ಅಂತ ಗೊಣಗುತ್ತೇವೆ. ಕಮಾನಿಗೆ ಗ್ರಾನೈಟು, ಬೆಂಕಿಯ ಪೈಪಿಗೆ ಬರೀ ಕೆಂಪು ಬಣ್ಣ. ಮೆಟ್ಟಿಲ ಮೇಲೆ ಸೈಕಲ್ಲು, ಹಳೇ ಹಾಸಿಗೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋರು ಅಂತ ಗಾದೆ ಇದೆ. ನಾವು ಬಾವಿ ಮೊದಲೇ ತೋಡಿ, ಅದರ ಮೇಲೆ ಶೂ ರ‍್ಯಾಕ್ ಇಟ್ಟುಕೊಂಡೋರು.

ನಿಮ್ಮ ಮಗ ಈ ಬಾರಿ ರಜೆಗೆ ಊರಿಗೆ ಬಂದರೆ ಒಂದು ದಿನ ನಮ್ಮ ಕಚೇರಿಗೆ ಕಳಿಸಿ. ಹಿಂದಿನ ಮೆಟ್ಟಿಲ ಬಾಗಿಲಿಗೆ ಇಲ್ಲೂ ಬೀಗ ಇದೆ. ಕೀಲಿ ಯಾರ ಹತ್ರ ಅಂತ ಇವತ್ತು ಬೆಳಿಗ್ಗೆ ಕೇಳಿದೆ. ಮೂರು ಜನ ಮೂರು ಹೆಸರು ಹೇಳಿದರು. ಅದರಲ್ಲೊಬ್ಬರು ಹೋದ ವರ್ಷವೇ ನಿವೃತ್ತರಾಗಿದ್ದಾರೆ.