ಸ್ವರ ಹುಟ್ಟುವ ಗಳಿಗೆ: ಉಸಿರು ಮೊದಲೋ, ಕೀ ಮೊದಲೋ?

ಪ್ರಶ್ನೆ: ನನ್ನ ಬಳಿ ಯಮಹಾ ವಿಎಲ್70-ಎಂ ಎಂಬ, ಊದುವ ವಾದ್ಯಗಳ ಧ್ವನಿ ಹೊರಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ. ಅದನ್ನು ಕೀಬೋರ್ಡಿಗೆ ಜೋಡಿಸಿ ಸ್ಯಾಕ್ಸೋಫೋನ್ ಧ್ವನಿಯಲ್ಲಿ ಕೀರ್ತನೆಗಳನ್ನು ನುಡಿಸುತ್ತೇನೆ. ಪ್ರತಿ ಸ್ವರವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಆರಂಭವಾಗುತ್ತದೆ. ಅಟ್ಯಾಕ್, ಅಂದರೆ ಸ್ವರದ ಆರಂಭ, ಚುರುಕಾಗಲೆಂದು ವಾದ್ಯದಲ್ಲಿ ಉಸಿರಿನ ಒತ್ತಡದ ಪ್ರಮಾಣವನ್ನು ಹೆಚ್ಚಿಸಿದರೆ ಧ್ವನಿ ಕೀಚಲಾಗುತ್ತದೆ. ಏನು ಮಾಡಬೇಕು? (ಮೈಸೂರಿನ ಓದುಗರೊಬ್ಬರು)

ಉತ್ತರ: ಧ್ವನಿಮುದ್ರಿತ ಸ್ಯಾಂಪಲ್‌ಗಳನ್ನು ನುಡಿಸುವ ಕೀಬೋರ್ಡಿನಲ್ಲಿ ಅಟ್ಯಾಕ್ ಎಂದರೆ ಸಿದ್ಧವಾಗಿರುವ ನಾದದ ಮಟ್ಟವನ್ನು ಎಷ್ಟು ಬೇಗ ಏರಿಸಬೇಕೆಂಬ ಲೆಕ್ಕ. 1996ರಲ್ಲಿ ಬಂದ ನಿಮ್ಮ ವಾದ್ಯದಲ್ಲಿ ಸಿದ್ಧ ನಾದವೆಂಬುದೇ ಇಲ್ಲ. ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಮತ್ತು ನಳಿಗೆಯ ವರ್ತನೆಯನ್ನು ಅದು ಆ ಕ್ಷಣದಲ್ಲೇ ಗಣಿಸುತ್ತದೆ. ಉಸಿರಿನ ಒತ್ತಡ ಒಂದು ಮಿತಿಯನ್ನು ದಾಟಿದ ಮೇಲಷ್ಟೇ ಕಂಪನ ಹುಟ್ಟಿ, ನಳಿಗೆಯಲ್ಲಿ ಹಲವು ಸಲ ಹೋಗಿಬಂದು ನೆಲೆಗೊಳ್ಳುತ್ತದೆ. ಒಂದು ಮೀಟರ್ ಉದ್ದದ ಶಂಕುವಿನಾಕಾರದ ನಳಿಗೆಯಲ್ಲಿ ಶಬ್ದ ಒಮ್ಮೆ ಹೋಗಿಬರಲು ಸುಮಾರು 6 ಮಿಲಿಸೆಕೆಂಡು ಬೇಕು. ಹತ್ತು ಸಲ ಹೋಗಿಬಂದರೆ ನಾದ ನಿಲ್ಲುತ್ತದೆಂದು ಇಟ್ಟುಕೊಂಡರೂ 60 ಮಿಲಿಸೆಕೆಂಡು ಕಳೆದಿರುತ್ತದೆ. ಆದ್ದರಿಂದ ಮಂದ್ರದ ಸ್ವರಗಳು ತಾರದ ಸ್ವರಗಳಿಗಿಂತ ತಡವಾಗಿ ಬಾಯಿ ಬಿಡುವುದು ದೋಷವಲ್ಲ, ನಿಜವಾದ ವಾದ್ಯದ ಗುಣವೇ ಅದು.

ಈಗ ನಿಮ್ಮ ತೊಂದರೆಗೆ ಬರೋಣ. ವಾದ್ಯದಲ್ಲಿ ಬ್ರೆತ್ ಮೋಡ್ ಎಂಬ ಆಯ್ಕೆಯಿದೆ. ಅದು ವೆಲಾಸಿಟಿಯಲ್ಲಿದ್ದರೆ ಉಸಿರಿನ ಒತ್ತಡವನ್ನು ಕೀ ಒತ್ತಿದ ವೇಗವೇ ನಿರ್ಧರಿಸುತ್ತದೆ. ಬೆರಳು ಬಿದ್ದ ಮೇಲೆ ಸ್ವರದ ಹುಟ್ಟಿನ ಮೇಲೆ ನಿಮಗೆ ಹಿಡಿತವಿರುವುದಿಲ್ಲ. ಸ್ವರಗಳೆಲ್ಲ ಒಂದೇ ಅಚ್ಚಿನವಾಗಲು ಬಹುಮಟ್ಟಿಗೆ ಇದೇ ಕಾರಣ. ಬಾಯಿಯಲ್ಲಿ ಊದುವ ಬ್ರೆತ್ ಕಂಟ್ರೋಲರನ್ನು ಕೊಂಡು ಮೋಡನ್ನು ಅದಕ್ಕೆ ಬದಲಿಸಿ. ನನ್ನ ಮಟ್ಟಿಗೆ ಅದಿಲ್ಲದ ವಿಎಲ್ ಅರ್ಧ ವಾದ್ಯ.

ಆಮೇಲೆ ಇರುವುದು ಉಸಿರು ಮತ್ತು ಬೆರಳುಗಳ ಸರದಿಯ ಪ್ರಶ್ನೆ. ಕೀಯನ್ನು ಒತ್ತಿ ಹಿಡಿದು ಆಮೇಲೆ ಊದಿದರೆ ಒತ್ತಡ ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಸ್ವರ ಮೊದಲು ಉಸಿರಿನ ಸದ್ದಾಗಿ, ಬಳಿಕ ನಾದವಾಗಿ ಅರಳುತ್ತದೆ. ಆಲಾಪನೆಯ ಮೊದಲ ಷಡ್ಜಕ್ಕೆ ಇದು ಒಪ್ಪುತ್ತದೆ. ಮೊದಲೇ ಊದಿಕೊಂಡು ಆಮೇಲೆ ಕೀ ಒತ್ತಿದರೆ ತುಂಬಿದ ಒತ್ತಡ ಒಮ್ಮೆಲೇ ರೀಡಿಗೆ ತಗುಲಿ ಸ್ವರ ಸಿಡಿಯುತ್ತದೆ. ನಿಜವಾದ ವಾದಕ ನಾಲಿಗೆಯಿಂದ ರೀಡನ್ನು ತಡೆದು, ಹಿಂದೆ ಉಸಿರನ್ನು ಕೂಡಿಟ್ಟು, ನಾಲಿಗೆ ತೆಗೆದಾಗ ಆಗುವುದೂ ಇದೇ. ನಮ್ಮ ಕೊಳಲು, ನಾಗಸ್ವರದವರು ತುತ್ತುಕಾರ ಎನ್ನುವ ನಾಲಿಗೆಯ ಕೆಲಸಕ್ಕೆ ಇದು ಹತ್ತಿರ. ಇವೆರಡರ ನಡುವಿನ ಛಾಯೆಗಳು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ದೊರೆಯುವುದರಿಂದ, ವಾದ್ಯದ ಯಾವ ನಿಯತಾಂಕವನ್ನೂ (ಹೊಂದಿಸಬಹುದಾದ ಪ್ರಮಾಣವನ್ನೂ) ಮುಟ್ಟುವ ಮೊದಲು ಒಂದೇ ಸ್ವರವನ್ನು ಈ ಎರಡು ಬಗೆಯಲ್ಲಿ ಒಂದು ವಾರ ಸಾಧನೆ ಮಾಡಿ.

ಕೀಚಲು ಧ್ವನಿ ಬರುವುದು ನಳಿಗೆ ಮೂಲಸ್ವರವನ್ನು ಬಿಟ್ಟು ಮೇಲಿನ ಸ್ಥಾಯಿಗೆ ಜಿಗಿದಾಗ. ಒತ್ತಡ ಮತ್ತು ಎಂಬೊಷರ್, ಅಂದರೆ ತುಟಿಯ ಬಿಗಿತ, ಎರಡೂ ಒಟ್ಟಿಗೆ ಏರಿದರೆ ಹೀಗಾಗುವ ಸಂಭವ ಹೆಚ್ಚು. ಒತ್ತಡದ ಪ್ರಮಾಣವನ್ನು ಮೊದಲಿದ್ದಲ್ಲಿಗೆ ಇಳಿಸಿ, ಎಂಬೊಷರನ್ನು ಸ್ವಲ್ಪ ಸಡಿಲಿಸಿ, ಚುರುಕನ್ನು ಟಂಗಿಂಗ್ ನಿಯತಾಂಕದಿಂದ ಪಡೆಯಿರಿ. ಅದು ರೀಡಿನ ಸಂದನ್ನು ಬದಲಿಸಿ, ನಾಲಿಗೆಯನ್ನು ರೀಡಿಗೆ ಅರೆಬರೆ ತಾಗಿಸಿ ತಡೆಯುವುದನ್ನು ಅನುಕರಿಸುತ್ತದೆ. ಬ್ರೆತ್ ನಾಯ್ಸ್, ಅಂದರೆ ನಾದಕ್ಕೆ ಬೆರೆಸುವ ಉಸಿರಿನ ಸದ್ದು, ಅಡುಗೆಯ ಉಪ್ಪಿನಂತೆ, ಚಿಟಿಕೆಯಷ್ಟು ಸಾಕು.

ಒಂದು ಎಚ್ಚರ: ಗಮಕದೊಳಗೆ ಅಟ್ಯಾಕ್ ಇರಬಾರದು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕಛೇರಿಗೆ ಒಗ್ಗಿಸಿದ್ದನ್ನು ಕೇಳಿದವರಿಗೆ ಜಾರು ಎಷ್ಟು ಅಖಂಡವಾಗಿರಬೇಕೆಂಬುದು ಗೊತ್ತು. ಉಸಿರನ್ನು ಕಡಿಯದೆ, ಹಿಂದಿನ ಕೀಯನ್ನು ಬಿಡುವ ಮೊದಲೇ ಮುಂದಿನದನ್ನು ಒತ್ತಿದರೆ ನಳಿಗೆಯ ಉದ್ದವಷ್ಟೇ ಬದಲಾಗಿ ಕಂಪನ ಮುಂದುವರಿಯುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಓಲಾಟವನ್ನು ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್ ಚಕ್ರಕ್ಕೆ ಬಿಡಿ.