ಮೂರನೆಯ ಮಹಡಿಯ ಮಂಚಗಳು

(ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರ ಪತ್ರದ ಸಾರ: ಎದೆನೋವು ಕಾಣಿಸಿಕೊಂಡ ತಾಯಿಯನ್ನು 108 ಆಂಬುಲೆನ್ಸಿನಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರೆ, ತುರ್ತು ಚಿಕಿತ್ಸಾ ವಿಭಾಗದವರು ‘ಬೆಡ್ ಇಲ್ಲ’ ಎಂದು ಐವತ್ತು ನಿಮಿಷ ಬಾಗಿಲಲ್ಲೇ ಕಾಯಿಸಿದರು. ಆಂಬುಲೆನ್ಸಿನ ಚಾಲಕನೂ ತಾಳ್ಮೆಗೆಟ್ಟು ‘ನಮ್ಮ ಸ್ಟ್ರೆಚರ್ ಬಿಡಿಸಿಕೊಡಿ’ ಎಂದು ಪೀಡಿಸಿದ. ಅಂಥ ವೈದ್ಯರನ್ನು ಅಮಾನತು ಮಾಡಿ ಎಂದು ಪತ್ರಿಕೆ ಏಕೆ ಬರೆಯುತ್ತಿಲ್ಲ? ವಿದೇಶದಲ್ಲಾಗಿದ್ದರೆ ಹೀಗೆ ನಡೆಯುತ್ತಿತ್ತೇ? ತಾಯಿ ಈಗ ಚೇತರಿಸಿಕೊಂಡು ಮನೆಗೆ ಬಂದಿದ್ದಾರೆ.)

ಮಾನ್ಯರೇ,

ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲಿಗೇ ಬರೆದಿದ್ದರೆ ನಾನು ಇಡೀ ಪತ್ರವನ್ನು ಉಸಿರು ಬಿಗಿಹಿಡಿದು ಓದಬೇಕಾಗಿರಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೆಡ್ ಇರಲಿ ಇಲ್ಲದಿರಲಿ, ಎದೆನೋವಿನ ರೋಗಿಯನ್ನು ಡಾಕ್ಟರೊಬ್ಬರು ಹೊರಗೆ ಬಂದು ನೋಡಬೇಕಿತ್ತು. ಇಷ್ಟನ್ನು ಒಪ್ಪಿಕೊಂಡ ಮೇಲೆ ಒಂದು ಮಾತು ಹೇಳುತ್ತೇನೆ, ಬೇಸರಿಸಬೇಡಿ: ನಿಮ್ಮ ಸಿಟ್ಟು ನೆಲಮಹಡಿಯಲ್ಲೇ ನಿಂತುಬಿಟ್ಟಿದೆ, ಅದು ಮೂರನೆಯ ಮಹಡಿಯವರೆಗೆ ಹತ್ತಬೇಕಿತ್ತು.

ವಿದೇಶದ ಮಾತೆತ್ತಿದ್ದೀರಿ. ಇಂಗ್ಲೆಂಡಿನಲ್ಲಿ ಆಂಬುಲೆನ್ಸ್ ಬಂದ 15 ನಿಮಿಷದೊಳಗೆ ರೋಗಿಯನ್ನು ಆಸ್ಪತ್ರೆ ವಹಿಸಿಕೊಳ್ಳಬೇಕೆಂಬ ಗುರಿಯಿದೆ. ಆದರೂ ಅಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಕರೆಗಳಿಗೆ ಸರಾಸರಿ 18 ನಿಮಿಷದಲ್ಲಿ ತಲುಪಬೇಕಾದ ಆಂಬುಲೆನ್ಸುಗಳು 2022ರ ಡಿಸೆಂಬರಿನಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡವು. ಆಸ್ಪತ್ರೆಗಳ ಅಂಗಳದಲ್ಲಿ ರೋಗಿಗಳ ಸಮೇತ ಸಾಲುಗಟ್ಟಿ ನಿಂತ ವಾಹನಗಳು ಅದಕ್ಕೆ ಒಂದು ದೊಡ್ಡ ಕಾರಣವಾಗಿದ್ದವು. ಲಂಡನ್ನಿನ ಆಂಬುಲೆನ್ಸ್ ಸೇವೆಯವರಂತೂ 2023ರ ಜೂನಿನಿಂದ, 45 ನಿಮಿಷ ಕಾದ ಮೇಲೆ ರೋಗಿಯನ್ನು ಆಸ್ಪತ್ರೆಯ ಸುಪರ್ದಿಗೆ ಬಿಟ್ಟು ಮುಂದಿನ ಕರೆಗೆ ಹೊರಡುವ ನಿಯಮ ಮಾಡಿಕೊಂಡರು. ಆಸ್ಟ್ರೇಲಿಯಾದಲ್ಲಿ ಈ ಕಾಯುವಿಕೆಗೆ ‘ರ‍್ಯಾಂಪಿಂಗ್’ ಎಂಬ ಹೆಸರೇ ಇದೆ, ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ 2022ರ ಚುನಾವಣೆಯ ಮುಖ್ಯ ವಿಷಯವೇ ಅದಾಗಿತ್ತು. ನಮ್ಮಲ್ಲಿ ಯಾರಾದರೂ ಇದರ ಮೇಲೆ ಮತ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಅಲ್ಲಿನವರು ಹುಡುಕುತ್ತಾ ಹೋದಾಗ ಕಾಯಿಲೆ ಸಿಕ್ಕಿದ್ದು ಬಾಗಿಲಲ್ಲಲ್ಲ. ಚಿಕಿತ್ಸೆ ಮುಗಿದರೂ ಮನೆಯಲ್ಲಿ ನೋಡಿಕೊಳ್ಳುವ ಏರ್ಪಾಡಿಲ್ಲದೆ ವೃದ್ಧರು ವಾರ್ಡಿನಲ್ಲೇ ಉಳಿಯುತ್ತಾರೆ. ವಾರ್ಡು ತೆರವಾಗದಿದ್ದರೆ ತುರ್ತು ವಿಭಾಗದಲ್ಲಿರುವವರು ಮೇಲೆ ಹೋಗುವಂತಿಲ್ಲ, ಅವರು ಹೋಗದೆ ಆಂಬುಲೆನ್ಸಿನಲ್ಲಿರುವವರು ಒಳಗೆ ಬರುವಂತಿಲ್ಲ. ತೋಟ ಮಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ? ಬಸಿಗಾಲುವೆ ಕಟ್ಟಿಕೊಂಡಾಗ ಅಡಿಕೆ ಮರದ ಬುಡದಲ್ಲಿ ನೀರು ನಿಂತರೆ ನೀವು ಗುದ್ದಲಿ ಹಿಡಿದು ಹೋಗುವುದು ಕಾಲುವೆಯ ಕಡೆಗೆ.

ನಾನು ಇದನ್ನು ಓದಿ ತಿಳಿದದ್ದಕ್ಕಿಂತ ಕಣ್ಣಾರೆ ಕಂಡದ್ದು ಹೆಚ್ಚು. ಕೆಲವು ವರ್ಷಗಳ ಹಿಂದೆ ಉಬ್ಬಸ ಹೆಚ್ಚಾದ ಚಿಕ್ಕಪ್ಪನನ್ನು ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಮಗೂ ಅದೇ ಉತ್ತರ ಸಿಕ್ಕಿತು. ಕ್ಯಾಶುವಾಲ್ಟಿಯ ಡ್ಯೂಟಿ ಡಾಕ್ಟರು ಮೂವತ್ತು ದಾಟದ ಹುಡುಗಿ. ಎರಡು ಮಂಚಗಳ ನಡುವಿನ ಸಂದಿಯಲ್ಲಿ ಮೊಣಕಾಲೂರಿ ಯಾರಿಗೋ ಸೂಜಿ ಚುಚ್ಚುತ್ತಿದ್ದವಳು, ತಲೆಯೆತ್ತದೆಯೇ ‘ಸರ್, ಮೇಲೆ ಒಂದು ಖಾಲಿಯಾಗಲಿ’ ಎಂದಳು. ಚಿಕ್ಕಪ್ಪನನ್ನು ಆಂಬುಲೆನ್ಸಿನ ಆಕ್ಸಿಜನ್ನಿನಲ್ಲೇ ಬಿಟ್ಟು ನಾನು ಮೂರನೆಯ ಮಹಡಿಯ ವಾರ್ಡಿಗೆ ಓಡಿದೆ. ಅಲ್ಲಿ ಪ್ಯಾಂಟು ಶರಟು ತೊಟ್ಟು, ಚಪ್ಪಲಿ ಮೆಟ್ಟಿ, ತೊಡೆಯ ಮೇಲೆ ಚೀಲವಿಟ್ಟುಕೊಂಡು ಮಂಚದ ಅಂಚಿನಲ್ಲಿ ಕುಳಿತಿದ್ದವರೊಬ್ಬರಿದ್ದರು. ಬೆಳಿಗ್ಗೆ ಒಂಬತ್ತರ ರೌಂಡ್ಸಿನಲ್ಲೇ ಡಿಸ್ಚಾರ್ಜ್ ಬರೆದಾಗಿತ್ತಂತೆ, ಆಗ ಸಂಜೆ ಐದು. ಫೈಲು ಬಿಲ್ಲಿಂಗಿನಲ್ಲಿತ್ತು, ಬಿಲ್ಲು ವಿಮೆಯವರಲ್ಲಿತ್ತು. ‘ನಾನೇನು ಮಾಡಲಿ ಸ್ವಾಮಿ, ಎದ್ದು ಹೋದರೆ ಗೇಟಿನಲ್ಲಿ ಹಿಡೀತಾರೆ’ ಎಂದರು. ನಗದುರಹಿತ ವಿಮೆಯ ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಲು 2024 ಬರಬೇಕಾಯಿತು. ಆ ಡಾಕ್ಟರ್ ಹುಡುಗಿಯನ್ನು ಅಮಾನತು ಮಾಡಿದ್ದರೆ ಅವರ ಫೈಲು ಒಂದು ಮೇಜಾದರೂ ಮುಂದೆ ಸರಿಯುತ್ತಿತ್ತೇ?

ಇನ್ನು ಆ ಚಾಲಕನ ಬಗ್ಗೆ ನೀವು ಬರೆದದ್ದನ್ನು ನಾನು ಒಪ್ಪಲಾರೆ. 108ರಲ್ಲಿ ಅವರನ್ನು ಪೈಲಟ್ ಎನ್ನುತ್ತಾರೆ. ಆಸ್ಪತ್ರೆಯ ಟ್ರಾಲಿ ಸಿಗದಿದ್ದಾಗ ರೋಗಿ ಮಲಗಿರುವುದು ಆಂಬುಲೆನ್ಸಿನದೇ ಸ್ಟ್ರೆಚರಿನ ಮೇಲೆ, ಅದಿಲ್ಲದೆ ವಾಹನ ಇನ್ನೊಂದು ಕರೆಗೆ ಹೊರಡುವಂತಿಲ್ಲ. ನಿಮ್ಮನ್ನು ಪೀಡಿಸಿದನೆಂದು ನೀವು ದೂರಿದ ಆ ಮನುಷ್ಯ ನಿಮ್ಮಂಥದ್ದೇ ಇನ್ನೊಂದು ಮನೆಯ ಅಂಗಳವನ್ನು ನೆನೆಯುತ್ತಿದ್ದಿರಬೇಕು.

ಇದಕ್ಕೆ ಮದ್ದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಅಲೆಸಿ, ಕೊನೆಗೆ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಅಷ್ಟಕ್ಕೇ ನಿಲ್ಲದೆ, ಎಲ್ಲಿ ಹಾಸಿಗೆ ಖಾಲಿಯಿದೆಯೋ ಅಲ್ಲಿಗೇ ರೋಗಿಯನ್ನು ನೇರವಾಗಿ ಕಳಿಸುವಂತೆ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆಯಿರಬೇಕೆಂದು ಹೇಳಿತು. ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಎಂದು ತೋರಿಸುವ ಪರದೆ ಬಂತು. ಅದರಲ್ಲಿ ಅಕ್ರಮ ನಡೆಯಿತೆಂದು 2021ರಲ್ಲಿ ದೊಡ್ಡ ಗದ್ದಲವೂ ಆಯಿತು ನಿಜ, ಆದರೆ ಮನಸ್ಸು ಮಾಡಿದರೆ ಲೆಕ್ಕ ಒಂದೆಡೆ ಸಿಗುತ್ತದೆಂಬುದಂತೂ ತಿಳಿಯಿತು. ಹೃದಯಾಘಾತಕ್ಕೂ ಆಂಬುಲೆನ್ಸಿಗೂ ಅಂಥ ಪರದೆಯೊಂದು ಏಕಿರಬಾರದು? ಸೋಂಕಿನ ಭಯವಿದ್ದಾಗ ಎಚ್ಚರಾಗುವ ನಮ್ಮ ಆಡಳಿತಕ್ಕೆ ದಿನನಿತ್ಯದ ಸಾವು ನಿದ್ದೆಗೆಡಿಸುವುದಿಲ್ಲ.

ಕೊನೆಯದಾಗಿ ನಿಮಗೂ ಒಂದು ಪ್ರಶ್ನೆ. ಆ ದಿನ ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡೇ ಹೋದಿರಲ್ಲವೇ? ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಅದು ರಾತ್ರಿಯೂ ಸಿಗುತ್ತದೆಯೇ, ಇಸಿಜಿ ತೆಗೆಯುವವರು ಇದ್ದಾರೆಯೇ ಎಂದು ಒಮ್ಮೆ ಹೋಗಿ ವಿಚಾರಿಸಿ ಬರೆಯಿರಿ. ಆ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಅಚ್ಚು ಹಾಕುತ್ತೇನೆ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

– ಸಂ.